ಡ್ರೆಸ್ಡೆನ್ ಪಟ್ಟಣದ ಕಲ್ಲುಗಳು



ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದಾಗ ಯೆಹೋಶುವನು ಹೊಳೆಯ ನಡುವಿನಿಂದ ಹನ್ನೆರಡು ಕಲ್ಲುಗಳನ್ನು ಎತ್ತಿಸಿ ಗಿಲ್ಗಾಲಿನಲ್ಲಿ ನಿಲ್ಲಿಸಿದ ಸಂಗತಿಯನ್ನು ನೀವು ಬಲ್ಲಿರಿ. ಮುಂದೆ ಹುಟ್ಟುವ ಮಕ್ಕಳು ಕೇಳಬೇಕು, ತಂದೆಗಳು ಹೇಳಬೇಕು ಎಂಬದೇ ಅದರ ಉದ್ದೇಶವಾಗಿತ್ತು. ಕಲ್ಲು ತಾನಾಗಿ ಮಾತಾಡುವದಿಲ್ಲವಷ್ಟೆ. ನಾವು ಇದನ್ನು ಮನಸ್ಸಿಗೆ ತಂದುಕೊಂಡದ್ದು ಜರ್ಮನಿ ದೇಶದ ಡ್ರೆಸ್ಡೆನ್ ಪಟ್ಟಣದಲ್ಲಿ.

2003ರಲ್ಲಿ, ಸೆಮಿನೆರಿಯಲ್ಲಿ ಓದುತ್ತಿದ್ದ ಕಾಲದಲ್ಲಿ, ನಾವು ಸಂಗಡಿಗರೊಂದಿಗೆ ಅಲ್ಲಿಗೆ ಹೋಗಿದ್ದೆವು. ಎಲ್ಬೆ ನದಿಯ ದಡದ ಆ ಪಟ್ಟಣದಲ್ಲಿ 1743ರಲ್ಲಿ ಕಟ್ಟಿ ಮುಗಿಸಿದ ಫ್ರೌವೆನ್‌ಕಿರ್ಖೆ ಎಂಬ ಪ್ರೊಟೆಸ್ಟಂಟ್ ದೇವಾಲಯವಿತ್ತು. ಅದರ ಗುಮ್ಮಟವೂ ಕಲ್ಲಿನದೇ. 1945ನೇ ಫೆಬ್ರವರಿ 13ರ ರಾತ್ರಿಯಿಂದ ಇಂಗ್ಲಿಷರ ಮತ್ತು ಅಮೇರಿಕದವರ ವಿಮಾನಗಳು ಸುರಿಸಿದ ಬಾಂಬುಗಳಿಂದ ಪಟ್ಟಣದ ನಡುಭಾಗವು ಸುಟ್ಟು, ಸುಮಾರು 25,000 ಜನರು ಸತ್ತರು. ದೇವಾಲಯವು ಬೆಂಕಿಯಲ್ಲಿ ಬೆಂದೂ ನಿಂತಿತ್ತು. 15ರ ಬೆಳಿಗ್ಗೆ ಕಂಬಗಳು ತಡೆಯಲಾರದೆ ಕುಸಿದುಬಿತ್ತು. ಮುಂದೆ ನಾಲ್ವತ್ತು ವರ್ಷಕ್ಕೂ ಮೇಲ್ಪಟ್ಟು ಅದು ಕಲ್ಲಿನ ರಾಶಿಯಾಗಿಯೇ ಉಳಿಯಿತು. 1994ರಲ್ಲಿ ತಿರಿಗಿ ಕಟ್ಟುವ ಕೆಲಸವು ಆರಂಭವಾಯಿತು. ನಾವು ನೋಡಿದಾಗ ಗುಮ್ಮಟಕ್ಕೆ ಸಾರವೆ ಕಟ್ಟಿತ್ತು. ಮೇಲೆ ಶಿಲುಬೆ ಇರಲಿಲ್ಲ. ರಾಶಿಯಿಂದ ಹೆಕ್ಕಿದ ಕಪ್ಪು ಕಲ್ಲುಗಳು ಹೊಸ ಬಿಳಿ ಗೋಡೆಯಲ್ಲಿ ಅಲ್ಲಲ್ಲಿ ಕಾಣುತ್ತಿದ್ದವು.

ನಮಗೆ ಇಳುಕೊಳ್ಳಲು ಸ್ಥಳ ಕೊಟ್ಟ ವೃದ್ಧ ತಾಯಿಯು ಆ ರಾತ್ರಿ ಚಿಕ್ಕ ಹುಡುಗಿಯಾಗಿ ನದೀತೀರಕ್ಕೆ ಓಡಿ ಬದುಕಿದವರು. "ರಾಶಿಯನ್ನು ಹಾಗೇ ಬಿಡಬೇಕಾಗಿತ್ತು. ಚಂದವಾಗಿ ಕಟ್ಟಿದರೆ ಜನರು ಮರೆತುಬಿಡುವರು" ಎಂದರು. ಬಿದ್ದದ್ದನ್ನು ಎತ್ತಿ ಕಟ್ಟುವದು ಬೇಡವೆನ್ನುವವರೂ ಇದ್ದಾರೆಯೇ ಎಂದು ನಾವು ಒಳಗೊಳಗೆ ನಕ್ಕೆವು. ಯೌವನದ ತಿಳಿವಳಿಕೆ ಅಷ್ಟೇ.

ಇಪ್ಪತ್ತು ವರ್ಷಗಳ ಮೇಲೆ ಪುನಃ ಹೋದೆವು. ದೇವಾಲಯವು 2005ನೇ ಅಕ್ಟೋಬರ್ 30ರಂದೇ ಪ್ರತಿಷ್ಠೆಯಾಗಿತ್ತು. ಆಗ ಬಯಲಾಗಿದ್ದ ಸುತ್ತಲ ಜಾಗದಲ್ಲಿ ಹಳೆಯ ಮಾದರಿಯ ಮನೆಗಳೂ ಹೋಟೆಲುಗಳೂ ಎದ್ದಿವೆ. ಗುಮ್ಮಟದ ಮೇಲಿನ ಶಿಲುಬೆಯನ್ನು ಮಾಡಿದವನು ಲಂಡನ್ನಿನ ಬೆಳ್ಳಿಕೆಲಸದವನು. ಅವನ ತಂದೆಯು 1945ರಲ್ಲಿ ಇದೇ ಪಟ್ಟಣದ ಮೇಲೆ ಬಾಂಬು ಹಾಕಿದ ವಿಮಾನವನ್ನು ನಡಿಸಿದವನು. ಒಳಗೆ ಕವೆಂಟ್ರಿಯ ಸಭೆಯವರು ಕೊಟ್ಟ ಮೊಳೆಗಳ ಶಿಲುಬೆಯಿದೆ. ಕವೆಂಟ್ರಿಯ ದೇವಾಲಯವನ್ನು 1940ರಲ್ಲಿ ಜರ್ಮನರು ಸುಟ್ಟಿದ್ದರು. ವೈರಿಯ ಕೈಯಿಂದ ಬಂದ ಶಿಲುಬೆಯನ್ನು ತಮ್ಮ ನೆತ್ತಿಯ ಮೇಲೆ ಇಡಿಸಿಕೊಳ್ಳುವದು ಸುಲಭವೋ, ಪ್ರಿಯರೇ? ನಮ್ಮ ಸಭೆಯಲ್ಲಿ ಎರಡು ಮನೆಯವರು ಅಜ್ಜಂದಿರ ಕಾಲದಿಂದ ಒಂದೇ ಬೆಂಚಿನಲ್ಲಿ ಕೂಡ್ರುವದಿಲ್ಲ. ಕಾರಣವೇನೆಂದು ಅವರ ಮಕ್ಕಳನ್ನು ಕೇಳಿದರೆ ಗೊತ್ತಿಲ್ಲವೆನ್ನುತ್ತಾರೆ. ಕಥೆ ಮರೆತಿದೆ, ಹಗೆ ಮರೆತಿಲ್ಲ.

ಗೋಡೆಯ ಬಳಿ ಒಬ್ಬ ಮಗುವು ತಂದೆಯನ್ನು ಏನೋ ಕೇಳಿತು. ಆತನು ಕಪ್ಪು ಕಲ್ಲನ್ನು ತೋರಿಸಿ, ಬೆಂಕಿಯಿಂದ ಹೀಗಾಯಿತೆಂದು ಹೇಳಿದನಂತೆ. ನಾವೂ ಇಪ್ಪತ್ತು ವರ್ಷ ಹಾಗೇ ನೆನಸಿದ್ದೆವು. ಆದರೆ ಆ ಮರಳುಗಲ್ಲಿನಲ್ಲಿ ಕಬ್ಬಿಣದ ಅಂಶವಿರುವದರಿಂದ ಗಾಳಿಮಳೆಗೆ ಅದು ತಾನಾಗಿಯೇ ಕಪ್ಪಾಗುತ್ತದೆ. ಹೊಸ ಕಲ್ಲುಗಳೂ ಕಪ್ಪಾಗುವವು. ಕೆಲವು ತಲೆಮಾರುಗಳು ಕಳೆದರೆ ಬಿದ್ದ ಕಲ್ಲು ಯಾವದು, ಬೀಳದ ಕಲ್ಲು ಯಾವದು ಎಂದು ಕಣ್ಣಿಗೆ ತಿಳಿಯದು. ಇದು ವಾಸಿಯಾದ ಗಾಯವೋ, ಮರೆತ ಪಾಪವೋ? ಆ ತಾಯಿ ಹೇಳಿದ್ದು ಆಗ ನಮ್ಮ ಹೃದಯಕ್ಕೆ ನಾಟಿತು.

ಅವರ ಮನೆಯನ್ನು ಹುಡುಕಿಕೊಂಡು ಹೋದೆವು. ಬೀದಿಯ ಗುರುತು ಹತ್ತಲಿಲ್ಲ. ಊರಿಗೆ ಬಂದು ಈ ಸಂಗತಿಯನ್ನು ಸಭೆಯಲ್ಲಿ ಹೇಳಿದಾಗ, ಆ ಎರಡು ಮನೆಗಳಲ್ಲಿ ಒಂದರ ಹಿರಿಯರು ಬಾಗಿಲ ಬಳಿ ನಮ್ಮನ್ನು ತಡೆದು, "ಉಪದೇಶಿಗಳೇ, ಆ ತಾಯಿಯ ಹೆಸರೇನು?" ಎಂದು ಕೇಳಿದರು. ನಾವು ಅವರ ಮನೆಯಲ್ಲಿ ಮೂರು ದಿನ ರೊಟ್ಟಿ ತಿಂದಿದ್ದೆವು. ಹೆಸರನ್ನು ಬರೆದಿಟ್ಟುಕೊಂಡಿರಲಿಲ್ಲ.