ಕಿಂದರಿಜೋಗಿಯ ಹಿಂದೆ ಹೋದ ಮಕ್ಕಳು

ಒಂದು ಬೇಸಿಗೆ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳ ಶಿಬಿರ ನಡೆದಿತ್ತು. ಅದರ ಕೊನೆಯ ದಿನಕ್ಕೆ ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ಆಡಿಸುವುದೆಂದು ನಿಶ್ಚಯವಾಯಿತು. ಇಲಿಗಳ ಪಾತ್ರಕ್ಕೆ ನೂಕುನುಗ್ಗಲು. ಗೌಡನಾಗಲು ಮಾತ್ರ ಒಬ್ಬರೂ ಮುಂದೆ ಬರಲಿಲ್ಲ. ತಾಲೀಮಿನ ಮೂರನೆಯ ದಿನ ಧರ್ಮೋಪದೇಶದ ಶಿಕ್ಷಕಿಯೊಬ್ಬರು ನನ್ನ ಬಳಿಗೆ ಬಂದು, “ಫಾದರ್, ಕೊನೀಗೆ ಗುಡ್ಡದ ಬಾಗಿಲಾ ತೆಗೆದು ಮಕ್ಕಳು ತಿರುಗಿ ಮನೀಗೆ ಬರೂಹಂಗ ಮಾಡೋಣೇನ್ರಿ? ಸಣ್ಣ ಹುಡುಗ್ರು ನೋಡಿ ಅಳತಾವ್ರಿ” ಎಂದು ಕೇಳಿದರು. ನಾನು ಉತ್ತರಿಸುವ ಮೊದಲೇ ಅಲ್ಲಿ ನಿಂತಿದ್ದ ಐದನೆಯ ತರಗತಿಯ ಬಾಲಕಿಯೊಬ್ಬಳು, “ಮಾತಿಗೆ ತಪ್ಪಿದಾಂವ ಗೌಡ. ಅವನ್ನ ಬಿಟ್ಟು ಹುಡುಗ್ರನ್ನ ಯಾಕ ಕರಕೊಂಡು ಹೋದ್ನರಿ ಜೋಗಿ?” ಎಂದಳು. ಗುರುಮಠದಲ್ಲಿ ನಾಲ್ಕು ವರ್ಷ ದೈವಶಾಸ್ತ್ರವನ್ನು ಅಭ್ಯಸಿಸಿದ ನನಗೆ ಆ ಕ್ಷಣದಲ್ಲಿ ಹೇಳಲು ಏನೂ ತೋಚಲಿಲ್ಲ.

ಈ ಕಥೆಯನ್ನು ಅರಿಯದ ಕನ್ನಡದ ಮನೆ ವಿರಳ. ತುಂಗೆಯ ತೀರದ ಹಳ್ಳಿಗೆ ಇಲಿಗಳ ಕಾಟ. ಹಣ ಕೊಡುವೆನೆಂದು ಗೌಡನ ವಾಗ್ದಾನ. ಕಿಂದರಿಯ ನಾದಕ್ಕೆ ಮರುಳಾಗಿ ಇಲಿಗಳೆಲ್ಲ ಹೊಳೆಯ ಪಾಲು. ಕೆಲಸ ಮುಗಿದ ಮೇಲೆ ಗೌಡ ಮಾತಿಗೆ ತಪ್ಪುತ್ತಾನೆ. ಜೋಗಿ ಮತ್ತೆ ಕಿಂದರಿ ಬಾರಿಸುತ್ತಾನೆ. ಈ ಸಲ ಅವನ ಹಿಂದೆ ಹೊರಡುವವರು ಮಕ್ಕಳು. ಬೆಟ್ಟ ಬಾಯಿ ತೆರೆದು ಅವರನ್ನು ಒಳಗೊಂಡು ಮುಚ್ಚಿಕೊಳ್ಳುತ್ತದೆ. ಓಡಲಾರದ ಕುಂಟ ಹುಡುಗನೊಬ್ಬ ಮಾತ್ರ ಹಿಂದುಳಿಯುತ್ತಾನೆ. ಮಲೆನಾಡಿನ ಕವಿಯ ಕಥೆಯಾದರೂ ಹುಬ್ಬಳ್ಳಿಯ ಮಕ್ಕಳಿಗೆ ಆ ಬೆಟ್ಟವೆಂದರೆ ನೃಪತುಂಗ ಬೆಟ್ಟವೇ.

ಮೂಲತಃ ಇದು ಜರ್ಮನಿಯ ಹ್ಯಾಮಲಿನ್ ಪಟ್ಟಣದ ಐತಿಹ್ಯ. ಆಂಗ್ಲ ಕವಿ ರಾಬರ್ಟ್ ಬ್ರೌನಿಂಗ್ ತನ್ನ ಮಿತ್ರನಾದ ನಟನೊಬ್ಬನ ಕಾಯಿಲೆ ಬಿದ್ದ ಮಗನ ಸಂತೋಷಕ್ಕಾಗಿ ಅದನ್ನು ಕಥನಕವನವಾಗಿಸಿ 1842ರಲ್ಲಿ ಪ್ರಕಟಿಸಿದ. ಕುವೆಂಪು ಅದನ್ನು ನಮ್ಮ ಮಣ್ಣಿಗೆ ತಂದು, ಕೊಳಲಿನವನನ್ನು ಜೋಗಿಯಾಗಿಸಿ, ಅವನ ಕೈಗೆ ಕಿಂದರಿ ಕೊಟ್ಟರು. ಹ್ಯಾಮಲಿನ್‌ನ ಪೇಟೆಯ ದೇವಾಲಯದಲ್ಲಿ ಸುಮಾರು 1300ರ ಹೊತ್ತಿಗೆ ಈ ಘಟನೆಯನ್ನು ಚಿತ್ರಿಸಿದ ಬಣ್ಣದ ಗಾಜಿನ ಕಿಟಕಿಯೊಂದಿತ್ತಂತೆ. 1660ರಲ್ಲಿ ಅದು ನಾಶವಾಯಿತು. ಹಳೆಯ ಬರಹಗಳು ಹೇಳುವಂತೆ 1284ನೆಯ ಇಸವಿಯ ಜೂನ್ 26ರಂದು, ಸಂತ ಯೊವಾನ್ನ ಮತ್ತು ಪೌಲರ ಹಬ್ಬದ ದಿನ, 130 ಮಕ್ಕಳು ಆ ಊರಿನಿಂದ ಕಾಣೆಯಾದರು. ಇವರು ಪ್ರೇಷಿತರಲ್ಲ, ರೋಮಿನ ರಕ್ತಸಾಕ್ಷಿಗಳು. ಬಲಿಪೂಜೆಯ ಮೊದಲನೆಯ ಕೃತಜ್ಞತಾಸ್ತುತಿಯಲ್ಲಿ ಅವರ ಹೆಸರುಗಳನ್ನು ನಾವು ಇಂದಿಗೂ ಉಚ್ಚರಿಸುತ್ತೇವೆ. ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಅತಿ ಹಳೆಯ ಬರಹಗಳಲ್ಲಿ ಇಲಿಗಳ ಸುಳಿವೇ ಇಲ್ಲ. ಅವು ಕಥೆಯೊಳಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಅಲ್ಲಿಯವರೆಗೆ ಇದ್ದದ್ದು ಕಳೆದುಹೋದ ಮಕ್ಕಳ ನೆನಪು ಮಾತ್ರ. ಅದಕ್ಕೊಂದು ಕಾರಣ ಬೇಕೆನಿಸಿದಾಗ ಜನ ಕಂಡುಕೊಂಡದ್ದು ಹಿರಿಯರ ವಚನಭಂಗವನ್ನು. ನಮಗೆ ಬಂದ ಈ ಕಥೆ ಜೋಗಿಯೊಬ್ಬನನ್ನೇ ಕೆಟ್ಟವನನ್ನಾಗಿ ಮಾಡಿ ಸುಮ್ಮನಾಗಲಿಲ್ಲವೆಂಬುದನ್ನು ಗಮನಿಸಬೇಕು.

ಬಾಲಕಿಯ ಪ್ರಶ್ನೆ ಪವಿತ್ರ ಗ್ರಂಥದಷ್ಟೇ ಹಳೆಯದು. ತಂದೆಗಳು ಹುಳಿದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತವೆಂಬ ಗಾದೆಯನ್ನು ಇನ್ನು ಮುಂದೆ ಆಡಕೂಡದೆಂದು ಪ್ರವಾದಿ ಯೆಜೆಕಿಯೇಲನ ಮೂಲಕ ದೇವರು ಕಟ್ಟಪ್ಪಣೆ ಮಾಡುತ್ತಾರೆ. ತಂದೆಯ ಪಾಪದ ಅಪರಾಧ ಮಗನ ಮೇಲಿಲ್ಲ. ಇದು ನಮ್ಮ ವಿಶ್ವಾಸ. ಆದರೆ ಅಪರಾಧ ಬೇರೆ, ಅದರ ಫಲ ಬೇರೆ. ಕುಡಿಯುವುದಿಲ್ಲವೆಂದು ಪೀಠದ ಮುಂದೆ ಆಣೆಯಿಟ್ಟ ತಂದೆ ಶನಿವಾರದ ಪಗಾರವನ್ನು ಅಂಗಡಿಯಲ್ಲಿ ಕಳೆದು ಬಂದರೆ ಸೋಮವಾರ ಶಾಲೆಯ ಶುಲ್ಕವಿಲ್ಲದೆ ನಿಲ್ಲುವವನು ಮಗ. ದೇವರು ಹಾಕದ ಶಿಕ್ಷೆಯನ್ನು ನಾವೇ ಮಕ್ಕಳಿಗೆ ಹಂಚುತ್ತೇವೆ.

ಹಾಗಾದರೆ ಮಾತು ಉಳಿಸಿಕೊಂಡರೆ ಸಾಕೇ? ಇಲ್ಲಿ ನನಗೆ ‘ಗೋವಿನ ಹಾಡು’ ನೆನಪಾಗುತ್ತದೆ. ಪುಣ್ಯಕೋಟಿ ಕೊಟ್ಟ ಮಾತಿಗೆ ತಪ್ಪದೆ ಹುಲಿಯ ಬಳಿಗೆ ಮರಳುತ್ತದೆ, ನಾವು ಕಣ್ಣೀರಿಡುತ್ತೇವೆ. ಆದರೆ ದೊಡ್ಡಿಯಲ್ಲಿ ಉಳಿದ ಕರುವಿನ ಗತಿ? ಅಲ್ಲಿಯೂ ಬೆಲೆ ತೆರಬೇಕಾಗಿದ್ದುದು ಕೂಸೇ. ನ್ಯಾಯಸ್ಥಾಪಕರ ಗ್ರಂಥದ ಯೆಪ್ತಾಹನ ಕಥೆ ಇನ್ನೂ ಭೀಕರ. ಜಯ ಲಭಿಸಿದರೆ ಮನೆಯಿಂದ ಮೊದಲು ಎದುರುಗೊಳ್ಳುವವರನ್ನು ಬಲಿಯಾಗಿ ಅರ್ಪಿಸುವೆನೆಂದು ಅವನು ಹರಕೆ ಹೊತ್ತ. ಕುಣಿಯುತ್ತಾ ಬಂದವಳು ಒಬ್ಬಳೇ ಮಗಳು. ಅವನು ಮಾತು ಉಳಿಸಿಕೊಂಡ. ಅದನ್ನು ಪುಣ್ಯವೆಂದು ಪ್ರಬೋಧನೆಯಲ್ಲಿ ಹೇಳಲು ನನಗೆ ಇಂದಿಗೂ ನಾಲಗೆ ಏಳುವುದಿಲ್ಲ. ಪುಣ್ಯಕೋಟಿ ಪಣಕ್ಕಿಟ್ಟದ್ದು ತನ್ನ ದೇಹವನ್ನು, ಕರುವನ್ನು ಬಳಗಕ್ಕೆ ಒಪ್ಪಿಸಿ ಹೊರಟಿತು. ಯೆಪ್ತಾಹ ಪಣಕ್ಕಿಟ್ಟದ್ದು ತನ್ನದಲ್ಲದ ಜೀವವನ್ನು. ಗೌಡನಾದರೋ ತಾನು ಏನನ್ನು ಪಣಕ್ಕಿಡುತ್ತಿದ್ದೇನೆಂದು ಯೋಚಿಸಿಯೇ ಇರಲಿಲ್ಲ, ಹಣವೆಂದು ತಿಳಿದಿದ್ದ. ನಾವು ಬಹುಪಾಲು ಗೌಡನ ಜಾತಿಯವರು.

ನಾನೂ ಆ ಜಾತಿಯವನೇ ಎಂಬುದನ್ನು ಮರೆಮಾಚಲಾರೆ. ಬಹಳ ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಮಳೆಗಾಲದೊಳಗೆ ಸಭಾಭವನದ ಸೋರುವ ಛಾವಣಿಯನ್ನು ಸರಿಪಡಿಸಬೇಕಿತ್ತು. ಗೌಂಡಿಯೊಬ್ಬನೊಡನೆ ಬಾಯಿಮಾತಿನಲ್ಲಿ ಕೂಲಿ ಗೊತ್ತುಮಾಡಿದೆ. ಆಗ ಆಕಾಶದಲ್ಲಿ ಮೋಡವಿತ್ತು, ಅವನು ಕೇಳಿದ ಮೊತ್ತ ನನಗೆ ಹೆಚ್ಚೆನಿಸಲಿಲ್ಲ. ಹನ್ನೆರಡು ದಿನಗಳ ಕೆಲಸವನ್ನು ಅವನು ಎಂಟೇ ದಿನಗಳಲ್ಲಿ ಮುಗಿಸಿದ. ಛಾವಣಿ ಸೋರುವುದು ನಿಂತೊಡನೆ ನಮಗೆಲ್ಲ ಲೆಕ್ಕ ನೆನಪಾಯಿತು. “ಎಂಟು ದಿನಕ್ಕ ಅಷ್ಟು ರೊಕ್ಕ ಎಲ್ಲಿ ಕೊಡತಾರ್ರಿ ಫಾದರ್?” ಎಂದರು ಸಮಿತಿಯವರು. ನಾನು ಮೌನವಾಗಿದ್ದೆ, ಆ ಮೌನವೇ ಸಮ್ಮತಿಯಾಯಿತು. ಗೌಂಡಿ ಜಗಳವಾಡಲಿಲ್ಲ. ಕೊಟ್ಟದ್ದನ್ನು ಎಣಿಸಿ, ಟವೆಲಿನ ತುದಿಗೆ ಗಂಟು ಹಾಕಿಕೊಂಡು ಹೋದ. ಅವನ ಮಗಳು ಧರ್ಮೋಪದೇಶಕ್ಕೆ ಬರುತ್ತಿದ್ದಳು, ಆ ವರ್ಷ ಪ್ರಥಮ ಪರಮಪ್ರಸಾದ ಸ್ವೀಕರಿಸಬೇಕಾಗಿದ್ದವಳು. ಮುಂದಿನ ಭಾನುವಾರದಿಂದ ಬರಲಿಲ್ಲ. ತಿಂಗಳ ನಂತರ ಬಾಕಿ ಹಣವನ್ನು ಹಿಡಿದು ಓಣಿಗೆ ಹೋದೆ. ಬಾಗಿಲಿಗೆ ಬೀಗವಿತ್ತು. ದುಡಿಯಲು ಗೋವಾಕ್ಕೆ ಹೋದರೆಂದು ನೆರೆಯವರು ಹೇಳಿದರು.

ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ. ತಡೆಹಿಡಿದ ಕೂಲಿ ಕೂಗಿಕೊಳ್ಳುತ್ತದೆಂದು ಸಂತ ಯಕೋಬರು ಬರೆಯುತ್ತಾರೆ. ಸ್ವರ್ಗಕ್ಕೆ ಮೊರೆಯಿಡುವ ಪಾಪಗಳ ಸಾಲಿನಲ್ಲಿ ಧರ್ಮಸಭೆ ಇದನ್ನು ಆಬೇಲನ ರಕ್ತದ ಜೊತೆಯಲ್ಲಿಯೇ ಎಣಿಸಿದೆ. ಇದನ್ನೆಲ್ಲ ನಾನು ತರಗತಿಗಳಲ್ಲಿ ಬೋಧಿಸಿದ್ದೆ. ಪಾಪನಿವೇದನೆಯಲ್ಲಿ ಕ್ಷಮೆ ದೊರೆಯಿತು. ಆ ಹಣವನ್ನು ಗುರುಗಳ ಸಲಹೆಯಂತೆ ಬೇರೊಬ್ಬ ಬಡವನಿಗೆ ಕೊಟ್ಟೆ. ಬಾಲಕಿ ಎಲ್ಲಿ ಬೆಳೆದಳೋ, ಪರಮಪ್ರಸಾದ ಸ್ವೀಕರಿಸಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಕಥೆಯ ಕೊನೆಯನ್ನು ಬದಲಿಸುವುದು ಬೇಡವೆಂದು ಶಿಕ್ಷಕಿಗೆ ಹೇಳಿದೆ. ಮಕ್ಕಳು ಅಳುವರೆಂಬ ಅವರ ಆತಂಕ ನಿಜವೇ. ತಾಯಿಯ ಮನಸ್ಸಿನಿಂದ ಹೊರಟ ಮಾತು ಅದು. ಆದರೆ ಬೆಟ್ಟದ ಬಾಗಿಲನ್ನು ತೆರೆದುಬಿಟ್ಟರೆ ನಿರಾಳವಾಗುವವರು ಮಕ್ಕಳಿಗಿಂತ ಮೊದಲು ಹಿಂದಿನ ಸಾಲಿನಲ್ಲಿ ಕುಳಿತ ನಾವು ಹಿರಿಯರು. ಇಲಿಗಳ ಗದ್ದಲಕ್ಕಾಗಿ ಮಕ್ಕಳು ಈ ಕಥೆಯನ್ನು ಪ್ರೀತಿಸುತ್ತಾರೆ. ಮತ್ತೆ ಮತ್ತೆ ಕೇಳುವುದು ಮಾತ್ರ ಮುಚ್ಚಿದ ಆ ಬಾಗಿಲಿಗಾಗಿಯೇ ಎಂದು ನನಗೆ ತೋರುತ್ತದೆ. ಹಿರಿಯರ ಮಾತಿನ ಮೇಲೆ ತಮ್ಮ ಬದುಕು ನಿಂತಿದೆಯೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಬಾಲಕಿಗೆ ನಾನು ಹೇಳಿದ್ದು ಇಷ್ಟೇ: “ಜೋಗಿ ಮಾಡಿದ್ದು ಸರಿ ಅಂತ ಕಥಿ ಹೇಳೂದಿಲ್ಲವಾ. ಹಂಗ ಆಗತದ ಅಂತ ಹೇಳತದ.” ಅವಳಿಗೆ ಅದು ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ.

ಗೌಡನ ಪಾತ್ರವನ್ನು ಕೊನೆಗೆ ನಾನೇ ವಹಿಸಿದೆ. ಪಟಗ ಸುತ್ತಿಕೊಂಡು ರಂಗಕ್ಕೆ ಬಂದಾಗ ಮಕ್ಕಳು ನಕ್ಕು ನಕ್ಕು ಸುಸ್ತಾದರು. ಬೆಟ್ಟ ಮುಚ್ಚಿಕೊಂಡಾಗ ಮುಂದಿನ ಸಾಲಿನಲ್ಲಿ ಇಬ್ಬರು ಪುಟಾಣಿಗಳು ಅತ್ತರು. ತಾಯಂದಿರು ಎದ್ದು ಬಂದು ಅವರನ್ನು ಎತ್ತಿಕೊಂಡರು.