ಯೋಬನ ಗೆಳೆಯರು ಮತ್ತು ನಾವು

ಅಕಾಲದ ಸಾವು, ವಾಸಿಯಾಗದ ಕಾಯಿಲೆ ಮನೆಗೆ ಬಂದಾಗ ಮೊದಲು ಏಳುವ ಪ್ರಶ್ನೆ ಒಂದೇ: ಇದು ನನಗೇ ಏಕೆ? ದರೋಜಿ, ಕಂಪ್ಲಿ, ಸಂಡೂರಿನ ಕಡೆ ಇದಕ್ಕೆ ಸಿದ್ಧ ಉತ್ತರಗಳ ಕೊರತೆಯಿಲ್ಲ. ಹಣೆಬರಹ ಎನ್ನುತ್ತೇವೆ, ಯಾವ ಜನ್ಮದ ಕರ್ಮವೋ ಎನ್ನುತ್ತೇವೆ. ಕ್ರೈಸ್ತ ಮನೆಗಳಲ್ಲಿ ಇದೇ ಮಾತು ವೇಷ ಬದಲಿಸಿ ಬರುತ್ತದೆ: ದೇವರು ಪರೀಕ್ಷಿಸುತ್ತಿದ್ದಾನೆ. ಹೇಳುವವರ ಮನಸ್ಸನ್ನು ಹಗುರ ಮಾಡುವ ಈ ಮಾತು ನರಳುವವರಿಗೆ ಏನು ಕೊಡುತ್ತದೆ?

ಬೈಬಲಿನಲ್ಲಿ ಈ ಪ್ರಶ್ನೆಯನ್ನು ನಿಷ್ಠುರವಾಗಿ ಎತ್ತಿದವನು ಯೋಬ. ಅವನ ಕಥೆ ಕನ್ನಡಕ್ಕೆ ಇಳಿದದ್ದೂ ನಮ್ಮ ಸೀಮೆಯಲ್ಲೇ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಅವರ ಜೊತೆಗಾರ ವಿಲಿಯಂ ರೀವ್ ಅವರ ಶ್ರಮದಿಂದ 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಓದಲು ಸಿಕ್ಕಿತು.

ಮಕ್ಕಳು, ದನಕರು, ಆರೋಗ್ಯ ಎಲ್ಲವೂ ಹೋಗಿ ಯೋಬ ಬೂದಿಯಲ್ಲಿ ಕುಳಿತ. ನೋಡಲು ಬಂದ ಮೂವರು ಗೆಳೆಯರು ಏಳು ದಿನ, ಏಳು ರಾತ್ರಿ ತುಟಿ ಬಿಚ್ಚದೆ ಅವನ ಜೊತೆ ನೆಲದ ಮೇಲೆ ಕುಳಿತರು. ಅಲ್ಲಿಯವರೆಗೆ ಅವರು ಒಳ್ಳೆಯ ಗೆಳೆಯರೇ. ಬಾಯಿ ತೆರೆದರು, ಕೆಟ್ಟರು. ಪಾಪ ಮಾಡದವನಿಗೆ ಇಂಥ ಗತಿ ಬರುತ್ತದೆಯೇ ಎಂದು ವಾದಕ್ಕಿಳಿದರು. ದೇವರು ಬಿರುಗಾಳಿಯೊಳಗಿಂದ ಯೋಬನನ್ನೂ ಗದರಿಸಿದ್ದುಂಟು. ಆದರೆ ದೇವರ ಕೋಪ ಕೆರಳಿದ್ದು ತನ್ನ ಪರವಾಗಿ ವಕಾಲತ್ತು ವಹಿಸಿದ ಗೆಳೆಯರ ಮೇಲೆ. ತನಗೆ ಹೀಗೇಕಾಯಿತು ಎಂಬುದನ್ನು ಯೋಬನಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ.

ಹುಟ್ಟುಕುರುಡನನ್ನು ಕಂಡ ಶಿಷ್ಯರು ಇದು ಇವನ ಪಾಪವೋ, ಹೆತ್ತವರ ಪಾಪವೋ ಎಂದು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿದ. ಶಿಲುಬೆಯ ಮೇಲೆ ಅವನೇ, ದೇವರೇ, ನನ್ನನ್ನು ಏಕೆ ಕೈಬಿಟ್ಟೆ ಎಂದು ಕೂಗಿದ. ದೇವಕುಮಾರನೇ ಕೇಳಿದ ಪ್ರಶ್ನೆಯನ್ನು ನಾವು ಕೇಳಿದರೆ ಅದು ಅವಿಶ್ವಾಸವಾಗುತ್ತದೆಯೇ? 150 ಕೀರ್ತನೆಗಳಲ್ಲಿ ಎಷ್ಟೋ ಕೀರ್ತನೆಗಳು ದೂರು, ಅಳಲು, ಮೊರೆ. ದುಃಖವನ್ನು ತೋಡಿಕೊಳ್ಳುವುದರ ಬೆಲೆ ದರೋಜಿಯವರಿಗೆ ಗೊತ್ತು. ಇದು ಈರಮ್ಮನವರ ಊರು. ಕುಮಾರರಾಮನ, ಬಾಲನಾಗಮ್ಮನ ಸಂಕಟಗಳನ್ನು ಬುರ್ರಕಥೆಯಲ್ಲಿ ಹಾಡಿದ, 2014ರಲ್ಲಿ ತೀರಿಕೊಂಡ ಆ ನಾಡೋಜರ ಎದುರು ಕುಳಿತವರು ವಿವರಣೆ ಬೇಡಿ ಬಂದಿದ್ದರೇ? ಕಣ್ಣೀರಿಗೆ ಒಂದು ಜಾಗ ಸಿಕ್ಕರೆ ಸಾಕಿತ್ತು.

ಹಾಗಾದರೆ ಕ್ರೈಸ್ತ ವಿಶ್ವಾಸ ನೋವಿನಲ್ಲಿ ಕಾಣುವ ಅರ್ಥವಾದರೂ ಯಾವುದು? ಕಾರಣ ತಿಳಿಯದೆಯೂ ಬದುಕಬಹುದು, ಏಕೆಂದರೆ ಆ ಕತ್ತಲಿಗೆ ದೇವರೂ ಇಳಿದಿದ್ದಾನೆ ಎಂಬ ಭರವಸೆ ಅದು. ಪುನರುತ್ಥಾನದ ನಂತರವೂ ಕ್ರಿಸ್ತನ ಮೈಮೇಲೆ ಗಾಯಗಳು ಹಾಗೇ ಇದ್ದವು. ಶಂಕಿಸಿದ ಶಿಷ್ಯ ತೋಮನಿಗೆ ಅವನ್ನೇ ತೋರಿಸಲಾಯಿತು. ಶರೀರವನ್ನು ಚುಚ್ಚುತ್ತಿದ್ದ ಶೂಲವನ್ನು ತೆಗೆಯೆಂದು ಅಪೊಸ್ತಲ ಪೌಲ ಮೂರು ಸಲ ಬೇಡಿದ. ಅದು ಹೋಗಲಿಲ್ಲ, ಹೊರುವ ಬಲ ದೊರೆಯಿತು. ಆದರೆ ಈ ಅರ್ಥವನ್ನು ಪೌಲ ತನ್ನ ನೋವಿನ ಬಗ್ಗೆ ಹೇಳಿಕೊಂಡ. ಪರರ ನೋವಿಗೆ ನಾವು ಅದನ್ನು ಹೊರಿಸಬಹುದೇ?

ಇಲ್ಲಿ ಎಚ್ಚರ ಬೇಕು. ಗಣಿ ಧೂಳಿನಿಂದ ಬಂದ ಕೆಮ್ಮನ್ನು ದೇವರ ಚಿತ್ತ ಎನ್ನುವುದು ದೇವದೂಷಣೆ. ಯೇಸು ರೋಗಿಗಳಿಗೆ ಸಹಿಸಿಕೊಳ್ಳಿ ಎನ್ನಲಿಲ್ಲ, ಗುಣಪಡಿಸಿದ. ತಪ್ಪಿಸಬಹುದಾದ ನೋವಿಗೆ ಬೇಕಾದದ್ದು ಚಿಕಿತ್ಸೆ ಮತ್ತು ನ್ಯಾಯ. ತಪ್ಪಿಸಲಾಗದ್ದರ ಮುಂದೆ ಮಾತ್ರ ಅರ್ಥದ ಪ್ರಶ್ನೆ ಏಳುತ್ತದೆ.

ಆದ್ದರಿಂದ ದುಃಖದ ಮನೆಗೆ ಹೋಗುವಾಗ ದಯವಿಟ್ಟು ವಚನ ಹೇಳಲು ಆತುರಪಡಬೇಡಿ. ಒಲೆ ಹಚ್ಚದ ಮನೆಗೆ ಊಟ ಒಯ್ಯಿರಿ, ಹೊಸಪೇಟೆಯ ಆಸ್ಪತ್ರೆಗೆ ಜೊತೆಗೆ ಹೋಗಿ ಅವರ ಪರವಾಗಿ ಸಾಲಿನಲ್ಲಿ ನಿಲ್ಲಿ. ಅವರಾಗಿಯೇ ಮಾತಾಡಿದರೆ ಕೇಳಿಸಿಕೊಳ್ಳಿ.