ನೆಲದ ಬಣ್ಣ ಯಾರ ಕಣ್ಣಿಗೆ?

ಮಧುಗಿರಿ, ಶಿರಾ ಕಡೆಯ ಮನೆಗಳಲ್ಲಿ ಅಡುಗೆಮನೆಯನ್ನು ಹಿತ್ತಿಲಿನತ್ತ ಬೆಳೆಸಿ, ಹಾಲಿಗೂ ಅದಕ್ಕೂ ನಡುವಿನ ಗೋಡೆ ಒಡೆಸುವುದು ಈಗ ಹೊಸದೇನಲ್ಲ. ಗೋಡೆ ಹೋದ ಮೇಲೆ ಎರಡಕ್ಕೂ ಒಂದೇ ನೆಲ ಬೇಕು. ಅದು ಮರದ ಬಣ್ಣದ್ದಿರಲಿ ಎನ್ನುತ್ತಾರೆ ಮಕ್ಕಳು. ನಿಜವಾದ ಮರ ನಮಗೆ ಆಗಿಬರುವುದಲ್ಲ. ಬಕೆಟ್ಟುಗಟ್ಟಲೆ ನೀರು ಸುರಿದು ತೊಳೆಯುವ ನಮ್ಮ ಅಭ್ಯಾಸ, ಗೆದ್ದಲು, ಎರಡನ್ನೂ ಅದು ತಾಳಲಾರದು. ಹಾಗಾಗಿ ಮರದ ಚಿತ್ರ ಹೊತ್ತ ಟೈಲ್ಸು.

ಇದು ಸುಳ್ಳಲ್ಲವೇ ಎಂದು ಕೇಳುವವರಿದ್ದಾರೆ. ಅಜ್ಜಿಯರ ಕಾಲದ ಕೆಂಪು ನೆಲವಾದರೂ ಏನು? ಸಿಮೆಂಟಿಗೆ ರೆಡ್ ಆಕ್ಸೈಡ್ ಪುಡಿ ಬೆರೆಸಿ, ಉಜ್ಜಿ ಉಜ್ಜಿ ಹೊಳಪು ತಂದದ್ದು. ಕೆಮ್ಮಣ್ಣು ಸಾರಿಸಿದ ನೆಲದ ನೆನಪು. ಎಲ್ಲರಿಗೂ ಗೊತ್ತಿರುವ ವೇಷವನ್ನು ಮೋಸ ಎನ್ನಲಾಗದು.

ನನ್ನನ್ನು ಕಾಡುವುದು ಬೇರೆ. ನೆಲದ ಬಣ್ಣವನ್ನು ಆರಿಸಬೇಕಾದವರು ಯಾರು? ನೋಡುವವರೋ, ಒರೆಸುವವರೋ?

ಬಿಳಿ ಹಾಕಿದರೆ ರಾಗಿಹಿಟ್ಟಿನ ಒಂದು ಚಿಟಿಕೆಯೂ ಎದ್ದು ಕಾಣುತ್ತದೆ. ಒಗ್ಗರಣೆಯಿಂದ ಸಿಡಿದ ಕಡಲೆಕಾಯಿ ಎಣ್ಣೆ ಧೂಳು ಹಿಡಿದು ಮಾರನೆಯ ದಿನ ಚುಕ್ಕೆಯಾಗುತ್ತದೆ. ಕಪ್ಪು ಹಾಕಿದರೆ ನಮ್ಮ ಬೋರ್‌ವೆಲ್ಲಿನ ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಕಲೆ. ಪಾವಗಡದಲ್ಲಂತೂ ಕೇಳುವುದೇ ಬೇಡ. ಅಂದಹಾಗೆ, ಆ ಸೀಮೆಯ ನೀರಿನಲ್ಲಿ ಫ್ಲೋರೈಡ್ ಕೂಡ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂದು ಮಿತಿ. ಅದು ಹಲ್ಲು ಮೂಳೆಗಳಿಗೆ ಇಳಿಯುತ್ತದೆ, ನೆಲದ ಮೇಲೆ ಕಾಣುವುದಿಲ್ಲ. ಕಾಣುವ ಕಲೆಗೆ ನಾವು ಕೊಡುವಷ್ಟು ಮರ್ಯಾದೆಯನ್ನು ಕಾಣದ ಕೇಡಿಗೆ ಕೊಟ್ಟಿದ್ದೇವೆಯೇ?

ಗೋಡೆ ಇದ್ದಾಗ ಈ ಕಲೆಗಳು ನಮಗೂ ಒಲೆಗೂ ಸೇರಿದ ವಿಷಯವಾಗಿದ್ದವು. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ, ಹೆಂಗಸರ ನಡೆದಾಟ ಕಡಿಮೆಯಾಗಲೆಂದು ಪುಟ್ಟದೊಂದು ಅಡುಗೆಮನೆ ರೂಪಿಸಿದರು. ಎಲ್ಲವೂ ಕೈಗೆಟುಕುವಷ್ಟು ಹತ್ತಿರ. ಮುಂದೆ ಅದರ ಮೇಲೆ ಬಂದ ದೂರು, ಅದು ಹೆಣ್ಣನ್ನು ಒಂಟಿಯಾಗಿ ಕೂಡಿಹಾಕಿತು ಎಂಬುದು. ಈಗ ಗೋಡೆ ಒಡೆದಿದ್ದೇವೆ. ಮುದ್ದೆ ತಿರುವುತ್ತಲೇ ಮಾತಿಗೆ ಸೇರಬಹುದು, ಅದು ಸಣ್ಣ ಸುಖವಲ್ಲ. ಆದರೆ ಬಂದವರ ಕಣ್ಣೂ ಒಳಗೆ ಬಂದಿದೆ. ಕೊಳೆ ಕಾಣದ ಬಣ್ಣ ಬೇಕೆಂಬ ಆಸೆ ಅಲ್ಲಿಂದ ಹುಟ್ಟಿದ್ದು.

ಕೊಳೆ ಕಂಡರೇ ಒಳ್ಳೆಯದು, ಒರೆಸಬಹುದಲ್ಲ ಎಂದು ವಾದಿಸುವ ಹಿರಿಯರುಂಟು. ಶುಚಿತ್ವದ ಮಾತಾಗಿ ಸರಿಯೇ. ಆದರೆ ಬಿಳಿ ನೆಲವನ್ನು ಹೊಗಳುವ ನಾಲಿಗೆಯೂ ಅದರ ಮೇಲೆ ಬಾಗುವ ಸೊಂಟವೂ ಬಹಳ ಮನೆಗಳಲ್ಲಿ ಒಬ್ಬರದೇ ಅಲ್ಲ. ನಮ್ಮ ಮನೆಯ ಕೆಲಸಕ್ಕೆ ಬರುವಾಕೆಯನ್ನು ಯಾವ ಬಣ್ಣ ಒಳ್ಳೆಯದೆಂದು ಕೇಳಿದೆ. ನಕ್ಕಳು. “ಕೊಳೆ ಕಾಣ್ದಿದ್ರೆ ವರ್ಸೇ ಇಲ್ಲ ಅಂತಾರೆ, ಕಂಡ್ರೆ ಸರ್ಯಾಗ್ ವರ್ಸಿಲ್ಲ ಅಂತಾರೆ. ಯಾವ್ ಬಣ್ಣ ಆದ್ರೂ ಬೈಗುಳ ನಮ್ದೇ ಅಲ್ವೇನಕ್ಕಾ?”

ನನಗೆ ಉತ್ತರ ಹೊಳೆಯಲಿಲ್ಲ. ಅಂಗಡಿಯಿಂದ ತಂದ ನಾಲ್ಕು ತುಂಡುಗಳನ್ನು ಹಿತ್ತಿಲ ನಲ್ಲಿಯ ಕೆಳಗೆ ಹಾಸಿದೆವು. ಬೋರ್ ನೀರು ಸುರಿದು ಒಣಗಲು ಬಿಟ್ಟೆವು, ಎಣ್ಣೆ ಸವರಿದೆವು, ಹಿಟ್ಟು ಉದುರಿಸಿದೆವು. ಆಕೆ ಬಣ್ಣ ನೋಡುವ ಮೊದಲು ಒದ್ದೆ ಕಾಲಿಟ್ಟು ನೋಡಿದಳು. ಹೊಳೆಯುವ ಎರಡು ತುಂಡು ಅಲ್ಲಿಗೇ ತಳ್ಳಿಹೋದವು. ಎಣ್ಣೆ ಬಿದ್ದ ನುಣುಪು ನೆಲದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮುದುಕಿಯರ ಕಥೆ ಯಾವ ಬೀದಿಯಲ್ಲಿಲ್ಲ? ಉಳಿದೆರಡರಲ್ಲಿ ಕಾಫಿಪುಡಿಯಂತೆ ಗಾಢವಾದದ್ದರ ಮೇಲೆ ನೀರಿನ ಕಲೆ ಮೂಡಿತ್ತು. ತರಿತರಿ ಮೈಯ, ಬೂದಿ ಬೆರೆತ ಕಂದು ಬಣ್ಣದ ಇನ್ನೊಂದು ಸುಮಾರಾಗಿ ಎಲ್ಲವನ್ನೂ ಸಹಿಸಿಕೊಂಡಿತು.

ಮಗನಿಗೆ ಗಾಢ ಬಣ್ಣವೇ ಬೇಕಿತ್ತು. ವಾರಕ್ಕೆ ಮೂರು ದಿನ ನೀನು ಒರೆಸುವುದಾದರೆ ಆಗಲಿ ಎಂದೆ. ಮರುಮಾತಾಡಲಿಲ್ಲ.

ಅಂಗಡಿಯವರು ಆ ಬಣ್ಣಕ್ಕೆ ಯಾವುದೋ ವಿದೇಶೀ ಮರದ ಹೆಸರು ಹೇಳಿದರು. ಬೇಸಿಗೆಯಲ್ಲಿ ಹುಣಸೆಹಣ್ಣು ಬಡಿಯಲು ಹೋಗುವ ಆಕೆ ಅದನ್ನು ಹುಣಸೆ ಸಿಪ್ಪೆ ಬಣ್ಣ ಎಂದಳು. ಈಗ ಮನೆಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತೇವೆ.